ಕಬ್ಬಿನ ಟ್ರೇಲರ್: ಹೊಲದಿಂದ ಕಾರ್ಖಾನೆಯವರೆಗೆ ಸುರಕ್ಷಿತ ಸಾಗಾಟ

ದೀಪಾವಳಿಯ ಆಸುಪಾಸಿನಲ್ಲಿ ಕಾರ್ಖಾನೆಗಳು ಕಬ್ಬು ನುರಿಸಲು ಆರಂಭಿಸಿದವೆಂದರೆ ಮುಧೋಳ, ಜಮಖಂಡಿ, ಅಥಣಿ, ರಾಯಬಾಗ, ಇಂಡಿ ಕಡೆಯ ಓದುಗರಿಂದ ಒಂದೇ ಪ್ರಶ್ನೆ ಮೇಲಿಂದ ಮೇಲೆ ಬರುತ್ತದೆ. ಐವತ್ತು ಎಚ್‌ಪಿಯ ಟ್ರ್ಯಾಕ್ಟರ್ ಎಷ್ಟು ಟನ್ ಎಳೆಯುತ್ತದೆ, ಅದಕ್ಕೆ ಎರಡು ಟ್ರೇಲರ್ ಹಚ್ಚಬಹುದೇ ಎಂಬುದು ಆ ಪ್ರಶ್ನೆ. ಸಮತಟ್ಟಾದ ಡಾಂಬರು ರಸ್ತೆಯ ಮೇಲೆ ಉರುಳುವ ಗಾಲಿಯನ್ನು ಎಳೆಯಲು ಹೆಚ್ಚು ಬಲ ಬೇಕಾಗುವುದಿಲ್ಲವಾದ್ದರಿಂದ ಟ್ರ್ಯಾಕ್ಟರ್ ತನ್ನ ತೂಕದ ಹಲವು ಪಟ್ಟು ಹೊರೆಯನ್ನು ಸಲೀಸಾಗಿ ಎಳೆದುಕೊಂಡು ಹೋಗುತ್ತದೆ. ಅದನ್ನು ನೋಡಿಯೇ ಅನೇಕರು ಮೋಸ ಹೋಗುತ್ತಾರೆ. ಈ ಹೊರೆಯನ್ನು ನಿಲ್ಲಿಸುವುದು ಯಾವುದು ಎಂದು ಮೊದಲು ಕೇಳಬೇಕು. ಐವತ್ತು ಎಚ್‌ಪಿಯ ಟ್ರ್ಯಾಕ್ಟರ್ ತೂಗುವುದು ಸುಮಾರು ಎರಡರಿಂದ ಎರಡೂವರೆ ಟನ್. ಅದರ ಬ್ರೇಕ್ ಇರುವುದು ಸಾಮಾನ್ಯವಾಗಿ ಹಿಂದಿನ ಎರಡು ಗಾಲಿಗಳಿಗೆ ಮಾತ್ರ. ನಮ್ಮ ಭಾಗದಲ್ಲಿ ಓಡಾಡುವ ಬಹುತೇಕ ಟ್ರೇಲರ್‌ಗಳಿಗೆ ಸ್ವಂತ ಬ್ರೇಕ್ ಇರುವುದೇ ಇಲ್ಲ. ಹೀಗಾಗಿ ಹಿಂದಿನ ಅಷ್ಟೂ ಕಬ್ಬನ್ನು ತಡೆದು ನಿಲ್ಲಿಸುವ ಭಾರ ಆ ಎರಡು ಗಾಲಿಗಳ ಮೇಲೆಯೇ ಬೀಳುತ್ತದೆ. ಮುಂದಿನ ಹಂತಗಳೆಲ್ಲವೂ ಈ ಸಂಗತಿಯನ್ನೇ ಆಧರಿಸಿವೆ.

ಹಂಗಾಮು ಆರಂಭವಾಗುವ ಮುನ್ನ ಕೆಲವು ಸಾಮಾನುಗಳನ್ನು ಟ್ರ್ಯಾಕ್ಟರ್‌ನ ಪೆಟ್ಟಿಗೆಯಲ್ಲಿ ಕಾಯಂ ಇಟ್ಟುಕೊಳ್ಳಿ. ಗಾಲಿಗೆ ಅಡ್ಡ ಕೊಡಲು ನಾಲ್ಕು ಕಟ್ಟಿಗೆಯ ತುಂಡುಗಳು, ಹೊರೆ ಹೊರುವ ಜಾಕ್, ಗಾಲಿಯ ನಟ್ ಬಿಚ್ಚುವ ಪಾನಾ, ಒಂದು ಹೆಚ್ಚುವರಿ ಕೊಂಡಿ ಪಿನ್, ಉಕ್ಕಿನ ಸರಪಳಿ, ಎರಡು ತ್ರಿಕೋನಾಕಾರದ ಎಚ್ಚರಿಕೆ ಫಲಕಗಳು, ಕೆಂಪು ಬಟ್ಟೆ, ಕೈಯಲ್ಲಿ ಹಿಡಿಯುವ ಬ್ಯಾಟರಿ ದೀಪ ಮತ್ತು ರೇಡಿಯಂ ಪಟ್ಟಿ ಇದ್ದರೆ ಸಾಕು.

1. ಕಾಗದಪತ್ರ ಮತ್ತು ತೂಕದ ಲೆಕ್ಕ

ಟ್ರ್ಯಾಕ್ಟರ್‌ಗೆ ನೋಂದಣಿ ಇರುವಂತೆ ಟ್ರೇಲರ್‌ಗೂ ಪ್ರತ್ಯೇಕ ನೋಂದಣಿ ಸಂಖ್ಯೆ ಇರಬೇಕು. ಚಿಕ್ಕೋಡಿಯ ಕೆಎ-23 ಇರಲಿ, ಬಾಗಲಕೋಟೆಯ ಕೆಎ-29 ಇರಲಿ, ಜಮಖಂಡಿಯ ಕೆಎ-48 ಇರಲಿ, ಆ ಸಂಖ್ಯೆ ಟ್ರೇಲರ್‌ನ ಹಿಂಭಾಗದಲ್ಲಿ ಕಾಣುವಂತಿರಬೇಕು. ಊರಿನ ವೆಲ್ಡಿಂಗ್ ಅಂಗಡಿಯಲ್ಲಿ ಮಾಡಿಸಿ ನೋಂದಣಿ ಇಲ್ಲದೆ ಓಡಿಸುವ ಟ್ರೇಲರ್‌ಗೆ ವಿಮೆಯೂ ಸಿಗುವುದಿಲ್ಲ. ಅಪಘಾತವಾದಾಗ ಪರಿಹಾರದ ಹಣ ಮಾಲೀಕರ ಹೊಲದ ಮೇಲೆ ಬರುತ್ತದೆ. ವಿಮೆಯ ಪಾಲಿಸಿಯಲ್ಲಿ ಟ್ರ್ಯಾಕ್ಟರ್‌ನ ಸಂಖ್ಯೆಯ ಜೊತೆಗೆ ಟ್ರೇಲರ್‌ನ ಸಂಖ್ಯೆಯೂ ನಮೂದಾಗಿದೆಯೇ ಎಂದು ಈಗಲೇ ತೆಗೆದು ನೋಡಿ. ಬಾಡಿಗೆಗೆ ಕಬ್ಬು ಸಾಗಿಸುವವರು ತಮ್ಮ ಪಾಲಿಸಿ ಕೇವಲ ಕೃಷಿ ಬಳಕೆಗೆ ಸೀಮಿತವೇ ಎಂಬುದನ್ನು ಬರಹದಲ್ಲಿ ಖಚಿತಪಡಿಸಿಕೊಳ್ಳಬೇಕು. ಎರಡನೆಯ ಟ್ರೇಲರ್ ಹಚ್ಚುವ ವಿಚಾರವಿದ್ದರೆ ನಿಮ್ಮ ಆರ್‌ಟಿಒ ಕಚೇರಿಯಲ್ಲಿ ಕೇಳಿಯೇ ಮುಂದುವರಿಯಿರಿ. ಪಕ್ಕದ ಹೊಲದವರು ಹಚ್ಚಿದ್ದಾರೆ ಎಂಬುದು ಅನುಮತಿಯಲ್ಲ.

ಎಷ್ಟು ಹೇರಬಹುದು ಎಂಬುದಕ್ಕೆ ಉತ್ತರ ಟ್ರೇಲರ್‌ನ ಆರ್‌ಸಿಯಲ್ಲಿಯೇ, ಅಂದರೆ ನೋಂದಣಿ ಪತ್ರದಲ್ಲಿಯೇ ಇದೆ. ಅದರಲ್ಲಿ ಖಾಲಿ ತೂಕ ಮತ್ತು ಹೊರೆ ಸಹಿತ ಗರಿಷ್ಠ ತೂಕ ಎಂಬ ಎರಡು ಅಂಕಿಗಳಿರುತ್ತವೆ; ಎರಡನೆಯದರಲ್ಲಿ ಮೊದಲನೆಯದನ್ನು ಕಳೆದರೆ ಉಳಿಯುವುದೇ ನೀವು ಹೇರಬಹುದಾದ ಕಬ್ಬು. ಉದಾಹರಣೆಗೆ, ಗರಿಷ್ಠ ತೂಕ 8,000 ಕೆಜಿ ಮತ್ತು ಖಾಲಿ ತೂಕ 2,000 ಕೆಜಿ ಎಂದಿದ್ದರೆ ಹೇರಬೇಕಾದದ್ದು 6,000 ಕೆಜಿ ಮಾತ್ರ. ಹೊಲದಲ್ಲಿ ಕಾಟಾ, ಅಂದರೆ ತೂಕದ ಸೇತುವೆ, ಇರುವುದಿಲ್ಲ ಎಂಬುದು ನಿಜ. ಆದರೆ ಮೊದಲ ಖೇಪಿನ, ಅಂದರೆ ಮೊದಲ ಸಾಗಾಟದ, ಕಾಟಾ ಚೀಟಿ ನಿಮ್ಮ ಕೈಗೆ ಬಂದೇ ಬರುತ್ತದೆ. ಆ ಖೇಪಿನಲ್ಲಿ ಹೊರೆ ಎಲ್ಲಿಯವರೆಗೆ ಏರಿತ್ತು ಎಂಬುದಕ್ಕೆ ಚೀಟಿಯ ತೂಕವನ್ನು ಹೊಂದಿಸಿ, ಟ್ರೇಲರ್‌ನ ಗೂಟಗಳ ಮೇಲೆ ಬಣ್ಣದಿಂದ ಒಂದು ಗೆರೆ ಹಾಕಿಕೊಳ್ಳಿ. ಕಡಿಯುವ ಗ್ಯಾಂಗಿನವರಿಗೆ ಟನ್ನಿನ ಲೆಕ್ಕ ಹೇಳುವುದಕ್ಕಿಂತ ಗೆರೆ ತೋರಿಸುವುದು ಸುಲಭ. ಹಸಿಯಾದ ರಸಭರಿತ ಕಬ್ಬು ಅದೇ ಎತ್ತರಕ್ಕೆ ಹೆಚ್ಚು ತೂಗುತ್ತದೆಯಾದ್ದರಿಂದ ಹೊಲ ಬದಲಾದಾಗ ಗೆರೆಯನ್ನು ಮತ್ತೊಮ್ಮೆ ಪರೀಕ್ಷಿಸಿ.

ಮೋಟಾರು ವಾಹನ ಕಾಯ್ದೆಗೆ 2019ರಲ್ಲಿ ಆದ ತಿದ್ದುಪಡಿಯ ಪ್ರಕಾರ 194ನೇ ಕಲಮಿನಡಿ ಅಧಿಕ ಭಾರಕ್ಕೆ 20,000 ರೂಪಾಯಿ, ಅದರ ಮೇಲೆ ಪ್ರತಿ ಹೆಚ್ಚುವರಿ ಟನ್ನಿಗೆ 2,000 ರೂಪಾಯಿ ದಂಡವಿದೆ. ಜೊತೆಗೆ ಹೆಚ್ಚುವರಿ ಹೊರೆಯನ್ನು ಇಳಿಸದ ಹೊರತು ವಾಹನವನ್ನು ಮುಂದೆ ಬಿಡುವಂತಿಲ್ಲ. ಬಾಡಿಗೆ ಟನ್ ಲೆಕ್ಕದಲ್ಲಿ ಸಿಗುವ ತನಕ ಅಧಿಕ ಭಾರದ ಆಸೆ ಹೋಗುವುದಿಲ್ಲ ಎಂಬುದೂ ಗೊತ್ತಿರುವ ಮಾತೇ. ಆದರೂ ಟಾಯರ್, ಗಾಲಿಯ ನಡುವಿನ ಹಬ್ಬಿನ ಬೇರಿಂಗ್, ಕ್ಲಚ್ ಪ್ಲೇಟ್‌ಗಳಿಗೆ ಹಂಗಾಮಿನ ಕೊನೆಯಲ್ಲಿ ತಗಲುವ ಖರ್ಚನ್ನು ಬಾಡಿಗೆಯ ಪಕ್ಕದಲ್ಲಿ ಬರೆದು ನೋಡಿದರೆ ಆ ಲಾಭದ ದೊಡ್ಡ ಪಾಲು ಗ್ಯಾರೇಜಿಗೇ ಹೋಗಿರುವುದು ಕಾಣುತ್ತದೆ.

2. ಹೊರಡುವ ಮುನ್ನ ತಪಾಸಣೆ

ಟ್ರ್ಯಾಕ್ಟರ್‌ನಲ್ಲಿ ಎಡ ಮತ್ತು ಬಲ ಗಾಲಿಗಳಿಗೆ ಎರಡು ಬೇರೆ ಬ್ರೇಕ್ ಪೆಡಲ್‌ಗಳಿವೆ. ರಂಟೆ, ಕುಂಟೆ ಹೊಡೆಯುವಾಗ ಹೊಲದ ತುದಿಯಲ್ಲಿ ಚಿಕ್ಕದಾಗಿ ತಿರುಗಲು ಈ ವ್ಯವಸ್ಥೆ. ರಸ್ತೆಗೆ ಬರುವ ಮುನ್ನ ಎರಡೂ ಪೆಡಲ್‌ಗಳನ್ನು ಜೋಡಿಸುವ ಚಿಕ್ಕ ಲಾಕನ್ನು ಹಾಕಲೇಬೇಕು. ಅದನ್ನು ಹಾಕದೆ ಹೊರಟು, ಗಾಬರಿಯಲ್ಲಿ ಒಂದೇ ಪೆಡಲ್ ತುಳಿದರೆ ಟ್ರ್ಯಾಕ್ಟರ್ ಒಂದು ಬದಿಗೆ ಗಿರಕಿ ಹೊಡೆಯುತ್ತದೆ, ಟ್ರೇಲರ್ ಅದನ್ನು ಹಿಂದಿನಿಂದ ನೂಕಿ ಮಗುಚುತ್ತದೆ. ಲಾಕ್ ಹಾಕಿದ ಮೇಲೆ ಖಾಲಿ ಜಾಗದಲ್ಲಿ ಒಮ್ಮೆ ಬ್ರೇಕ್ ಹಿಡಿದು, ಎರಡೂ ಗಾಲಿಗಳು ಒಟ್ಟಿಗೆ ನಿಲ್ಲುತ್ತವೆಯೇ ಎಂದು ನೋಡಿ. ಒಂದು ಕಡೆಗೆ ಎಳೆದರೆ ಮಿಸ್ತ್ರಿಗೆ ತೋರಿಸದೆ ಹೊರೆ ಹೇರಬೇಡಿ.

ಟ್ರೇಲರ್‌ನ ಟಾಯರ್‌ಗಳ ಗಾಳಿ, ಪಕ್ಕದ ಬಿರುಕು, ಗಾಲಿಯ ನಟ್, ಸ್ಪ್ರಿಂಗ್ ಪಾಟಾಗಳ ಮುರಿತ ಇವಿಷ್ಟನ್ನು ನೋಡಲು ಹತ್ತು ನಿಮಿಷ ಸಾಕು. ಖೇಪು ಮುಗಿಸಿ ಬಂದ ಕೂಡಲೇ ಹಬ್ಬಿನ ಹತ್ತಿರ ಕೈ ಹಿಡಿದರೆ, ಒಂದು ಹಬ್ಬು ಉಳಿದವುಗಳಿಗಿಂತ ಹೆಚ್ಚು ಬಿಸಿಯಾಗಿದ್ದಲ್ಲಿ ಅದರ ಬೇರಿಂಗ್ ಹೋಗುತ್ತಿದೆ ಎಂದು ತಿಳಿಯಬೇಕು. ಗಾಲಿ ಕಳಚಿ ರಸ್ತೆಗುರುಳುವ ಮುನ್ನ ಸಿಗುವ ಸೂಚನೆ ಇದೊಂದೇ.

3. ಟ್ರೇಲರ್ ಹಚ್ಚುವುದು

ಟ್ರ್ಯಾಕ್ಟರ್ ಹಿಂದೆ ಸರಿಯುತ್ತಿರುವಾಗ ಟ್ರ್ಯಾಕ್ಟರ್‌ಗೂ ಟ್ರೇಲರ್‌ಗೂ ನಡುವೆ ಯಾರೂ ನಿಲ್ಲಬಾರದು. ಪಿನ್ ಹಾಕುವವರು ಬದಿಯಲ್ಲಿ, ಚಾಲಕರಿಗೆ ಕಾಣುವಂತೆ ನಿಂತಿರಬೇಕು. ಟ್ರ್ಯಾಕ್ಟರ್ ಪೂರ್ತಿ ನಿಂತು, ಗೇರ್ ನ್ಯೂಟ್ರಲ್ ಆಗಿ, ಹ್ಯಾಂಡ್ ಬ್ರೇಕ್ ಬಿದ್ದ ಮೇಲೆಯೇ ಒಳಗೆ ಬರಬೇಕು. ಕೊಂಡಿಯ ಕಣ್ಣು ನಾಲ್ಕು ಬೆರಳು ಆಚೆ ಈಚೆ ಉಳಿದಾಗ ಚಾಲಕರು ಕ್ಲಚ್ಚನ್ನು ಅರ್ಧ ಬಿಟ್ಟು ಹೊಂದಿಸುವುದೂ, ಹುಡುಗನೊಬ್ಬ ಒಂದು ಕೈಯಲ್ಲಿ ಪಿನ್ ಹಿಡಿದು ಇನ್ನೊಂದು ಕೈಯಿಂದ ರಂಧ್ರ ತಡಕುವುದೂ ನಿತ್ಯ ಕಾಣುವ ನೋಟ. ಬೆರಳು ತುಂಡಾಗುವುದು ಅಲ್ಲಿಯೇ. ರಂಧ್ರ ಹೊಂದಿತೇ ಎಂದು ನೋಡಲು ಕಬ್ಬಿಣದ ಸಲಾಕೆ ಬಳಸಿ.

ಪಿನ್ ಎಂದರೆ ಅದೇ ಅಳತೆಗೆ ಮಾಡಿದ ಉಕ್ಕಿನ ಪಿನ್. ಕೈಗೆ ಸಿಕ್ಕ ಬೋಲ್ಟ್ ಅಥವಾ ಸರಳಿನ ತುಂಡು ಕೆಲವು ಖೇಪು ತಡೆದು, ರಸ್ತೆಯ ಗುಂಡಿಯೊಂದರಲ್ಲಿ ಕತ್ತರಿಸಿ ಹೋಗುತ್ತದೆ. ಪಿನ್ ಮೇಲಕ್ಕೆ ಹಾರದಂತೆ ಕೆಳಗಿನ ರಂಧ್ರದಲ್ಲಿ ಲಾಕ್ ಪಿನ್ ಇರಲೇಬೇಕು. ತಂತಿ ಸುತ್ತಿದರೆ ಅದು ಲಾಕ್ ಆಗುವುದಿಲ್ಲ. ಇದರ ಜೊತೆಗೆ ಟ್ರ್ಯಾಕ್ಟರ್ ಮತ್ತು ಟ್ರೇಲರ್ ನಡುವೆ, ಹಾಗೆಯೇ ಮೊದಲ ಮತ್ತು ಎರಡನೆಯ ಟ್ರೇಲರ್ ನಡುವೆ, ಎರಡು ಸರಪಳಿಗಳನ್ನು ಕೊಂಡಿಯ ಕೆಳಗೆ ಅಡ್ಡಡ್ಡ ಹಾಯಿಸಿ ಕಟ್ಟಿರಿ. ಪಿನ್ ಕಳಚಿದರೂ ಕೊಂಡಿಯ ತುದಿ ನೆಲಕ್ಕೆ ಬಡಿಯದೆ ಸರಪಳಿಗಳ ಮೇಲೆ ಕೂರುತ್ತದೆ. ತಿರುವಿಗೆ ಬೇಕಾದಷ್ಟು ಸಡಿಲ ಬಿಟ್ಟರೆ ಸಾಕು, ನೆಲಕ್ಕೆ ಎಳೆಯುವಷ್ಟು ಬೇಡ.

ಕೊಂಡಿಯ ಎತ್ತರದ ಬಗ್ಗೆ ಒಂದು ಕಟ್ಟುನಿಟ್ಟಿನ ಮಾತು: ಎಳೆತದ ಜಾಗ ತಯಾರಕರು ಕೊಟ್ಟ ಹುಕ್ ಅಥವಾ ಕೆಳಗಿನ ಡ್ರಾಬಾರ್ ಮಾತ್ರ. ಹಿಂದಿನ ಆ್ಯಕ್ಸಲ್‌ಗಿಂತ ಎತ್ತರದಲ್ಲಿ, ಉಪಕರಣ ಎತ್ತುವ ಟಾಪ್ ಲಿಂಕಿನ ಜಾಗಕ್ಕೆ ಸರಪಳಿ ಕಟ್ಟಿ ಎಳೆದರೆ ಟ್ರ್ಯಾಕ್ಟರ್ ಹಿಂಬದಿಗೆ ಮಗುಚುತ್ತದೆ.

4. ಕಬ್ಬು ಹೇರುವುದು

ಎರಡು ಗಾಲಿಯ ಟ್ರೇಲರ್ ತನ್ನ ಹೊರೆಯ ಒಂದು ಪಾಲನ್ನು ಕೊಂಡಿಯ ಮೂಲಕ ಟ್ರ್ಯಾಕ್ಟರ್‌ನ ಮೇಲೆ ಇಡುತ್ತದೆ. ನಾಲ್ಕು ಗಾಲಿಯ ಟ್ರೇಲರ್ ಹಾಗೆ ಮಾಡುವುದಿಲ್ಲ. ಆದ್ದರಿಂದ ಎರಡು ಗಾಲಿಯದರಲ್ಲಿ ಹೊರೆ ಎಲ್ಲಿ ಕೂರುತ್ತದೆ ಎಂಬುದು ಬಹಳ ಮುಖ್ಯ. ಹೊರೆಯ ನಡುಭಾಗ ಆ್ಯಕ್ಸಲ್‌ಗಿಂತ ತುಸು ಮುಂದಿರಬೇಕು. ತೀರ ಮುಂದೆ ಬಿದ್ದರೆ ಟ್ರ್ಯಾಕ್ಟರ್‌ನ ಮುಂದಿನ ಗಾಲಿಗಳು ಹಗುರಾಗಿ ಸ್ಟೇರಿಂಗ್ ಮಾತು ಕೇಳುವುದಿಲ್ಲ. ಹಿಂದೆ ಬಿದ್ದರೆ ಕೊಂಡಿ ಮೇಲಕ್ಕೆ ಜಗ್ಗುತ್ತದೆ, ಟ್ರ್ಯಾಕ್ಟರ್‌ನ ಹಿಂದಿನ ಗಾಲಿಗಳ ಮೇಲಿನ ಭಾರ ಕಡಿಮೆಯಾಗುತ್ತದೆ, ಬ್ರೇಕ್ ಇರುವುದೂ ಅದೇ ಗಾಲಿಗಳಿಗೆ ಆದ್ದರಿಂದ ಇಳಿಜಾರಿನಲ್ಲಿ ಅವು ನೆಲ ಹಿಡಿಯದೆ ಜಾರುತ್ತವೆ. ಈ ಎರಡನೆಯ ತಪ್ಪು ಹೊರಗಿನಿಂದ ಕಾಣುವುದಿಲ್ಲವಾದ್ದರಿಂದ ಹೆಚ್ಚು ಅಪಾಯಕಾರಿ.

ಎರಡು ಟ್ರೇಲರ್‌ಗಳಿದ್ದರೆ ಭಾರವಾದದ್ದು ಮುಂದೆ, ಹಗುರವಾದದ್ದು ಹಿಂದೆ. ಹೊಲದಲ್ಲಿ ಆಗುವುದು ಇದರ ಉಲ್ಟಾ: ಮೊದಲನೆಯದನ್ನು ಅಂದಾಜಿನ ಮೇಲೆ ತುಂಬಿ, ಉಳಿದ ಕಟ್ಟುಗಳನ್ನೆಲ್ಲ ಎರಡನೆಯದಕ್ಕೆ ಹೇರುತ್ತಾರೆ. ಬಾಲ ಭಾರವಾದ ಜೋಡಿ ರಸ್ತೆಯ ಮೇಲೆ ಎಡಕ್ಕೂ ಬಲಕ್ಕೂ ತೂಗಾಡಲು ಆರಂಭಿಸಿದರೆ ಅದನ್ನು ಹತೋಟಿಗೆ ತರುವುದು ಕಠಿಣ.

ಕಟ್ಟುಗಳನ್ನು ಮಟ್ಟಸವಾಗಿ ಒಟ್ಟಿ, ಮೇಲಿನಿಂದ ಕನಿಷ್ಠ ಎರಡು ಕಡೆ ಹಗ್ಗ ಅಥವಾ ಸರಪಳಿ ಹಾಯಿಸಿ ಬಿಗಿಯಿರಿ. ಒಂದೆರಡು ಕಿಲೋಮೀಟರ್ ನಡೆದ ಮೇಲೆ ಕಬ್ಬು ಕುಳಿತು ಹಗ್ಗ ಸಡಿಲಾಗುತ್ತದೆಯಾದ್ದರಿಂದ ಮುಖ್ಯ ರಸ್ತೆ ಸೇರುವ ಮುನ್ನ ನಿಲ್ಲಿಸಿ ಮತ್ತೊಮ್ಮೆ ಬಿಗಿಯಬೇಕು. ಬದಿಗೆ ಚಾಚಿದ ಕಬ್ಬಿನ ತುದಿಗಳನ್ನು ಕೊಯ್ದು ಹಾಕಿ. ಬೈಕ್ ಸವಾರರ ಮುಖದ ಮಟ್ಟಕ್ಕೆ ಬರುವುದು ಅವೇ. ಹೊಲದಲ್ಲಿ ಜೋತುಬಿದ್ದ ವಿದ್ಯುತ್ ತಂತಿ ಇದ್ದರೆ ಹೇರುವ ಮೊದಲೇ ಹೆಸ್ಕಾಂ ಲೈನ್‌ಮನ್‌ಗೆ ತಿಳಿಸಿ ಸರಿಪಡಿಸಿಕೊಳ್ಳಿ. ಹೊರೆಯ ಮೇಲೆ ಒಬ್ಬ ಹತ್ತಿ ಬಡಿಗೆಯಿಂದ ತಂತಿ ಎತ್ತಿ ಹಿಡಿಯುವ ಪದ್ಧತಿ ಜೀವ ತೆಗೆಯುವಂಥದ್ದು.

5. ಹೊಲದಿಂದ ರಸ್ತೆಗೆ

ಎರೆ ಮಣ್ಣಿನ ಹೊಲದಲ್ಲಿ, ಅದರಲ್ಲೂ ಕಾಲುವೆಯ ನೀರು ಹಾಯ್ದ ಹೊಲದಲ್ಲಿ, ಹೊರೆ ಹೇರಿದ ಟ್ರೇಲರ್ ಹೂಳುವುದು ಸಾಮಾನ್ಯ. ಆಗ ಡಿಫರೆನ್ಷಿಯಲ್ ಲಾಕ್, ಅಂದರೆ ಎರಡೂ ಹಿಂದಿನ ಗಾಲಿಗಳು ಒಂದೇ ವೇಗದಲ್ಲಿ ತಿರುಗುವಂತೆ ಮಾಡುವ ಪೆಡಲ್, ಉಪಯೋಗಕ್ಕೆ ಬರುತ್ತದೆ. ಅದನ್ನು ನೇರ ಎಳೆತಕ್ಕೆ ಮಾತ್ರ ಬಳಸಿ. ಸ್ಟೇರಿಂಗ್ ತಿರುಗಿಸುವ ಮುನ್ನ ಬಿಟ್ಟುಬಿಡಿ. ಗಾಲಿ ತಿರುಗುತ್ತಲೇ ಇದ್ದು ಮುಂದೆ ಸಾಗದಿದ್ದರೆ ಎಕ್ಸಲೇಟರ್ ಕೊಡುತ್ತಾ ಹೋಗಬೇಡಿ. ಗಾಲಿಯ ಮುಂದೆ ಮರದ ತೊಲೆ ಕಟ್ಟಿ ಎಳೆಯುವ ಪ್ರಯತ್ನವಂತೂ ಬೇಡವೇ ಬೇಡ: ಗಾಲಿ ತಡೆದು ನಿಂತರೆ ಎಂಜಿನ್ನಿನ ಬಲ ಟ್ರ್ಯಾಕ್ಟರ್‌ನ ಮೂತಿಯನ್ನೇ ಮೇಲೆತ್ತುತ್ತದೆ. ಮೂತಿ ಎದ್ದದ್ದು ಗಮನಕ್ಕೆ ಬಂದ ಕ್ಷಣದಲ್ಲಿಯೇ ಕ್ಲಚ್ ತುಳಿಯಬೇಕು. ಪೂರ್ತಿ ಮಗುಚಲು ಒಂದೆರಡು ಸೆಕೆಂಡೂ ಹಿಡಿಯುವುದಿಲ್ಲ.

ಇಂಥ ಕಡೆ ಇನ್ನೊಂದು ಟ್ರ್ಯಾಕ್ಟರ್ ಮುಂದೆ ಹಚ್ಚಿ ಎಳೆಯುವುದು ರೂಢಿ. ಅದರ ಕ್ರಮ ಹೀಗಿರಲಿ. ಮೊದಲು ಹಿಂದಿನ ಟ್ರೇಲರ್ ಬಿಚ್ಚಿ, ಒಂದೊಂದನ್ನೇ ರಸ್ತೆಗೆ ತನ್ನಿ. ನೈಲಾನ್ ಹಗ್ಗ ಹಿಗ್ಗಿ ಹರಿದಾಗ ಚಾಟಿಯಂತೆ ಹಿಂದಕ್ಕೆ ಬೀಸುವುದರಿಂದ ಉಕ್ಕಿನ ಸರಪಳಿಯನ್ನೇ ಬಳಸಿ, ಅದರ ನಡುವೆ ಮಣ್ಣು ತುಂಬಿದ ಗೋಣಿಚೀಲವೊಂದನ್ನು ತೂಗು ಹಾಕಿದರೆ ಸರಪಳಿ ಹರಿದರೂ ನೆಲಕ್ಕೆ ಬೀಳುತ್ತದೆ. ಮುಂದಿನ ಟ್ರ್ಯಾಕ್ಟರ್‌ನ ಡ್ರಾಬಾರ್‌ನಿಂದ ಹಿಂದಿನ ಟ್ರ್ಯಾಕ್ಟರ್‌ನ ಮುಂಬದಿಯ ಹುಕ್ಕಿಗೆ ಸರಪಳಿ ಕಟ್ಟಿ, ಅದರ ಸಡಿಲು ಹೋಗುವ ತನಕ ಇಂಚಿಂಚಾಗಿ ಸಾಗಿ, ಆಮೇಲೆ ಇಬ್ಬರೂ ಒಂದೇ ಗೇರಿನಲ್ಲಿ ಒಟ್ಟಿಗೆ ಎಳೆಯಬೇಕು. ಜಗ್ಗಿ ಬಿಡುವ, ಮತ್ತೆ ಜಗ್ಗುವ ಎಳೆತ ಕೂಡದು. ಸರಪಳಿಯ ಉದ್ದದಷ್ಟು ದೂರದೊಳಗೆ ಯಾರೂ ನಿಲ್ಲಬಾರದು. ಸನ್ನೆ ಮಾಡಲು ಒಬ್ಬರೇ ಇರಲಿ; ಹತ್ತು ಜನ ಕೂಗಿದರೆ ಚಾಲಕರಿಗೆ ಯಾವುದೂ ಕೇಳುವುದಿಲ್ಲ.

6. ರಸ್ತೆಯ ಮೇಲೆ

ಹೊರೆ ಇರುವಾಗ ಗಂಟೆಗೆ 20 ಕಿಲೋಮೀಟರ್ ಸಾಕು. ವೇಗ 20ರಿಂದ 30ಕ್ಕೆ ಏರಿದರೆ ಬ್ರೇಕ್ ಹಿಡಿದ ಮೇಲೆ ನಿಲ್ಲಲು ಬೇಕಾಗುವ ದೂರ ಒಂದೂವರೆ ಪಟ್ಟಲ್ಲ, ಎರಡು ಪಟ್ಟಿಗೂ ಹೆಚ್ಚಾಗುತ್ತದೆ.

ಇಳಿಜಾರು ಅತಿ ಹೆಚ್ಚು ಎಚ್ಚರ ಬೇಡುವ ಜಾಗ. ಡೀಸೆಲ್ ಉಳಿಸಲೆಂದು ನ್ಯೂಟ್ರಲ್ ಮಾಡಿ ಬಿಡುವ ಚಟ ಅನೇಕರಿಗಿದೆ. ಗೇರಿನಲ್ಲಿ ಇಳಿಯುವಾಗ ಎಂಜಿನ್ ತಾನೇ ಒಂದು ಬ್ರೇಕಿನಂತೆ ಹೊರೆಯನ್ನು ತಡೆಯುತ್ತದೆ. ನ್ಯೂಟ್ರಲ್ ಮಾಡಿದೊಡನೆ ಆ ತಡೆ ಹೋಗಿ, ಎಲ್ಲ ಭಾರವೂ ಟ್ರ್ಯಾಕ್ಟರ್ ಬ್ರೇಕಿನ ಮೇಲೆ ಬೀಳುತ್ತದೆ, ಬ್ರೇಕ್ ಬಿಸಿಯಾಗಿ ಹಿಡಿಯುವುದನ್ನು ಬಿಡುತ್ತದೆ. ವೇಗ ಏರಿದ ಮೇಲೆ ಮತ್ತೆ ಗೇರ್ ಹಾಕಲು ಹೋದರೆ ಅನೇಕ ಟ್ರ್ಯಾಕ್ಟರ್‌ಗಳಲ್ಲಿ ಅದು ಕೂರುವುದೇ ಇಲ್ಲ. ಆದ್ದರಿಂದ ಇಳಿಜಾರು ಆರಂಭವಾಗುವ ಮುನ್ನ, ಮೇಲೆಯೇ, ಚಿಕ್ಕ ಗೇರಿಗೆ ಬಂದು, ಕೆಳಗೆ ಸಮತಟ್ಟು ಸಿಗುವ ತನಕ ಕ್ಲಚ್ ಮುಟ್ಟದೆ ಇಳಿಯಿರಿ. ಯಾವ ಗೇರಿನಲ್ಲಿ ಏರು ಹತ್ತುತ್ತೀರೋ ಅದೇ ಗೇರಿನಲ್ಲಿ ಇಳಿಯಬೇಕೆಂಬ ಹಳೆಯ ಚಾಲಕರ ಲೆಕ್ಕ ಇಂದಿಗೂ ಸರಿಯಾದದ್ದೇ. ತಿರುವಿನ ನಡುವೆ ಬ್ರೇಕ್ ಹಿಡಿಯಬೇಡಿ. ಟ್ರ್ಯಾಕ್ಟರ್ ಓರೆಯಾಗಿರುವಾಗ ಹಿಂದಿನಿಂದ ಟ್ರೇಲರ್ ನೂಕಿದರೆ ಇಡೀ ಜೋಡಿ ಚಾಕುವಿನಂತೆ ಮಡಚಿಕೊಳ್ಳುತ್ತದೆ.

ತಿರುವಿನಲ್ಲಿ ಹಿಂದಿನ ಟ್ರೇಲರ್ ಟ್ರ್ಯಾಕ್ಟರ್ ಹೋದ ದಾರಿಯಲ್ಲಿ ಬರದೆ ಒಳಬದಿಗೆ ಕೊಯ್ದುಕೊಂಡು ಬರುತ್ತದೆ. ಊರೊಳಗಿನ ಚೌಕುಗಳಲ್ಲಿ ಒಳಬದಿಯಲ್ಲಿ ನಿಂತ ಬೈಕು, ತಳ್ಳುಗಾಡಿಗಳನ್ನು ಗಮನಿಸಿ, ಸಾಧ್ಯವಾದಷ್ಟು ಹೊರಗಿನಿಂದ ತಿರುಗಿ. ಹಂಪ್ ಬಂದಾಗ ಕೊನೆಯ ಗಾಲಿ ದಾಟುವವರೆಗೂ ವೇಗ ಏರಿಸಬಾರದು. ರಾಷ್ಟ್ರೀಯ ಹೆದ್ದಾರಿ 52ರ ಕೊರ್ತಿ-ಕೋಲ್ಹಾರ ಸೇತುವೆಯಂಥ ಉದ್ದನೆಯ ಸೇತುವೆಗಳ ಮೇಲೆ ಬದಿಗೆ ಸರಿಯಲು ಜಾಗವಿರುವುದಿಲ್ಲ; ಎಂಜಿನ್ ತೊಡಕು ತೋರುತ್ತಿದ್ದರೆ ಸೇತುವೆಗೆ ಮೊದಲೇ ನಿಲ್ಲಿಸಿ ನೋಡಿಕೊಳ್ಳಿ.

ಟ್ರ್ಯಾಕ್ಟರ್‌ನಲ್ಲಿ ಇರುವುದು ಚಾಲಕರ ಆಸನವೊಂದೇ. ಮಡ್‌ಗಾರ್ಡ್ ಆಗಲಿ, ಕೊಂಡಿಯ ಮೇಲಿನ ಪಟ್ಟಿಯಾಗಲಿ, ಕಬ್ಬಿನ ಹೊರೆಯಾಗಲಿ ಕೂರುವ ಜಾಗವಲ್ಲ. ಅಲ್ಲಿಂದ ಬಿದ್ದವರು ನೇರವಾಗಿ ಗಾಲಿಯ ಕೆಳಗೆ ಬರುತ್ತಾರೆ, ಮತ್ತು ವಿಮೆಯ ಹಣಕ್ಕೆ ತಕರಾರು ಏಳುವುದೂ ಇಂಥ ಪ್ರಕರಣಗಳಲ್ಲಿಯೇ. ಗ್ಯಾಂಗಿನವರನ್ನು ಬೇರೆ ವಾಹನದಲ್ಲಿ ಕಳುಹಿಸಿ. ಊರು ದಾಟುವಾಗ ಓಡುವ ಟ್ರೇಲರ್‌ನಿಂದ ಕಬ್ಬು ಎಳೆಯಲು ಬರುವ ಮಕ್ಕಳನ್ನು ಬೈದು ಓಡಿಸಿದರೆ ಸಾಲದು. ಒಂದು ಕೈ ಕಬ್ಬಿನ ಮೇಲೆ, ಕಾಲು ಗಾಲಿಯ ಪಕ್ಕ ಇರುವ ಹುಡುಗ ಮುಂದೆ ಕೂತ ಚಾಲಕರಿಗೆ ಕಾಣುವುದೇ ಇಲ್ಲ. ಶಾಲೆ ಬಿಡುವ ಹೊತ್ತಿನಲ್ಲಿ ಊರೊಳಗೆ ಹಾಯುವುದನ್ನು ತಪ್ಪಿಸಿ, ಅನಿವಾರ್ಯವಾದರೆ ಹಿಂದೆ ಒಬ್ಬರು ಬೈಕಿನಲ್ಲಿ ಬರಲಿ.

ಸೌಂಡ್ ಬಾಕ್ಸ್ ಬಗ್ಗೆ ಹೇಳಿದರೆ ಚಾಲಕರಿಗೆ ಸಿಟ್ಟು ಬರುತ್ತದೆ, ಆದರೂ ಹೇಳಬೇಕು. ಹಿಂದಿನ ಬಸ್ಸಿನ ಹಾರ್ನ್, ಟಾಯರ್ ಒಡೆದ ಸದ್ದು, ಕೊಂಡಿಯ ಕಟಕಟ ಯಾವುದೂ ಆ ಗದ್ದಲದಲ್ಲಿ ಕೇಳುವುದಿಲ್ಲ.

7. ಕತ್ತಲಾದ ಮೇಲೆ, ಮತ್ತು ಕೆಟ್ಟು ನಿಂತಾಗ

ಟ್ರೇಲರ್‌ನ ಹಿಂದಿನ ದೀಪಗಳನ್ನು ಕಬ್ಬಿನ ಸೋಗೆ ಮುಚ್ಚಿಬಿಡುತ್ತದೆ. ವೈರಿಂಗ್ ಸರಿಯಿದೆ ಎಂಬ ಸಮಾಧಾನದಲ್ಲಿ ಹೊರಡಬೇಡಿ. ಹೊರೆ ಹೇರಿದ ಮೇಲೆ ಹಿಂದೆ ಐವತ್ತು ಹೆಜ್ಜೆ ನಡೆದು ಹೋಗಿ ತಿರುಗಿ ನೋಡಿ. ರೇಡಿಯಂ ಪಟ್ಟಿ, ಅಂದರೆ ಬೆಳಕು ಬಿದ್ದರೆ ಹೊಳೆಯುವ ಪಟ್ಟಿ, ಮುಂದೆ ಬಿಳಿ, ಬದಿಗೆ ಹಳದಿ, ಹಿಂದೆ ಕೆಂಪು ಬಣ್ಣದ್ದಿರಬೇಕು. ಧೂಳಿನಲ್ಲಿ ಎರಡು ದಿನಕ್ಕೇ ಅದು ಹೊಳಪು ಕಳೆದುಕೊಳ್ಳುವುದರಿಂದ ಪ್ರತಿ ಸಂಜೆ ಒರೆಸಬೇಕು. ಹಿಂದೆ ಚಾಚಿದ ಕಬ್ಬಿನ ತುದಿಗೆ ಹಗಲು ಕೆಂಪು ಬಟ್ಟೆ, ರಾತ್ರಿ ಕೆಂಪು ದೀಪ ಕಟ್ಟಿರಿ.

ದಾರಿಯಲ್ಲಿ ಪಂಕ್ಚರ್ ಆದರೆ ಟಾಯರ್ ಹಾಳಾದರೂ ಚಿಂತೆಯಿಲ್ಲ, ಡಾಂಬರಿನಿಂದ ಪೂರ್ತಿ ಕೆಳಗಿಳಿಯುವ ತನಕ ನಿಧಾನವಾಗಿ ಸಾಗಿಸಿ. ಸಾಧ್ಯವಾಗದಿದ್ದರೆ ಹಿಂದೆ ಕನಿಷ್ಠ ಐವತ್ತು ಮೀಟರ್ ದೂರದಲ್ಲಿ ಒಂದು ತ್ರಿಕೋನ ಫಲಕ, ತಿರುವಿನ ಬಳಿಯಾದರೆ ತಿರುವಿನ ಆಚೆಗೆ ಇನ್ನೊಂದು ಇಡಿ. ಇಲ್ಲಿ ನಮ್ಮ ಭಾಗದ ಅತಿ ಕೆಟ್ಟ ರೂಢಿಯನ್ನು ಹೇಳಲೇಬೇಕು: ಸುತ್ತಲೂ ಕಲ್ಲು ಇಟ್ಟು, ಟಾಯರ್ ಹಾಕಿಕೊಂಡು, ಕಲ್ಲುಗಳನ್ನು ಅಲ್ಲಿಯೇ ಬಿಟ್ಟು ಹೋಗುವುದು. ಕತ್ತಲಲ್ಲಿ ಬರುವ ಬೈಕ್ ಸವಾರನಿಗೆ ಆ ಕಲ್ಲು ಕಂಡಾಗ ತಡವಾಗಿರುತ್ತದೆ. ಕಲ್ಲಿನ ಬದಲು ಫಲಕ ಬಳಸಿ; ಗಾಲಿಗೆ ಕೊಟ್ಟ ಕಟ್ಟಿಗೆಯ ತುಂಡುಗಳನ್ನು ಹೊರಡುವ ಮುನ್ನ ಎಣಿಸಿ ಪೆಟ್ಟಿಗೆಗೆ ಹಾಕಿ. ಜಾಕ್ ಏರಿಸುವಾಗ ಅದರ ಕೆಳಗೆ ಅಗಲವಾದ ಹಲಗೆ ಇರಲಿ, ಯಾರೂ ಟ್ರೇಲರ್‌ನ ಕೆಳಗೆ ತಲೆ ಹಾಕಬಾರದು. ಅಪಘಾತವಾದರೆ 112, ಆಂಬುಲೆನ್ಸ್‌ಗೆ 108, ರಾಷ್ಟ್ರೀಯ ಹೆದ್ದಾರಿಯ ಮೇಲೆ ನೆರವಿಗೆ 1033ಕ್ಕೆ ಕರೆ ಮಾಡಿ.

8. ಯಾರ್ಡಿನಲ್ಲಿ ಮತ್ತು ಮರಳುವಾಗ

ಕಾರ್ಖಾನೆಯ ಸಾಲು ಒಮ್ಮೊಮ್ಮೆ ಇಡೀ ರಾತ್ರಿ ಹಿಡಿಯುತ್ತದೆ. ಟ್ರೇಲರ್‌ನ ಕೆಳಗೆ ನೆರಳಿದೆ, ಬೆಚ್ಚಗಿದೆ ಎಂದು ಅಲ್ಲಿ ಮಲಗುವವರಿದ್ದಾರೆ. ಸಾಲು ಸರಿದಾಗ ಹಿಂದಿನ ಚಾಲಕರಿಗೆ ಅದು ತಿಳಿಯುವುದಿಲ್ಲ. ಮಲಗುವುದಿದ್ದರೆ ಯಾರ್ಡಿನ ಅಂಚಿಗೆ ಹೋಗಿ, ಕೀಲಿಯನ್ನು ಜೊತೆಗೇ ಒಯ್ಯಿರಿ. ಎರಡು ಗಾಲಿಯ ಟ್ರೇಲರನ್ನು ಹೊರೆ ಸಹಿತ ಬಿಚ್ಚಬೇಕಾದರೆ ಮೊದಲು ಎರಡೂ ಗಾಲಿಗಳಿಗೆ ಹಿಂದೆ ಮುಂದೆ ತುಂಡು ಕೊಟ್ಟು, ಮುಂಬದಿಗೆ ಸ್ಟ್ಯಾಂಡ್ ನಿಲ್ಲಿಸಿ, ಆಮೇಲೆ ಪಿನ್ ತೆಗೆಯಿರಿ. ಹೊರೆ ಹಿಂದಕ್ಕೆ ವಾಲಿದ್ದರೆ ಪಿನ್ ತೆಗೆದ ಕ್ಷಣ ಕೊಂಡಿ ಮೇಲಕ್ಕೆ ಚಿಮ್ಮಿ ಗದ್ದಕ್ಕೆ ಬಡಿಯುತ್ತದೆ, ಹಾಗಾಗಿ ಅದರ ಮೇಲೆ ಬಾಗಿ ನಿಲ್ಲಬೇಡಿ. ಎರಡು ಟ್ರೇಲರ್ ಹಚ್ಚಿಕೊಂಡು ಹಿಂದಕ್ಕೆ ಸರಿಯುವ ಸಾಹಸವೂ ಬೇಡ, ಒಂದನ್ನು ಬಿಚ್ಚಿಟ್ಟೇ ಸರಿಯಿರಿ.

ಮರಳುವಾಗ ಟ್ರೇಲರ್ ಖಾಲಿ ಇರುತ್ತದೆ, ಚಾಲಕರಿಗೆ ನಿದ್ದೆ ಇರುವುದಿಲ್ಲ, ಮುಂದಿನ ಖೇಪಿನ ಆತುರ ಇರುತ್ತದೆ. ಖಾಲಿ ಟ್ರೇಲರ್ ಗುಂಡಿಗಳಲ್ಲಿ ಪುಟಿಯುವುದರಿಂದ ಪಿನ್ ಕಳಚುವ ಸಂಭವ ಆಗಲೇ ಹೆಚ್ಚು. ಲಾಕ್ ಪಿನ್ ಮತ್ತು ಸರಪಳಿಗಳನ್ನು ಯಾರ್ಡಿನ ಗೇಟಿನಲ್ಲಿ ಮತ್ತೊಮ್ಮೆ ನೋಡಿ. ಹೊರೆ ಇಳಿಸುವಾಗ ಬಿಚ್ಚಿದ ಹಗ್ಗ, ಸರಪಳಿಗಳು ಹಿಂದೆ ನೆಲಕ್ಕೆ ಜೋತುಬಿದ್ದರೆ ಗಾಲಿಗೆ ಸುತ್ತಿಕೊಳ್ಳುತ್ತವೆ, ಇಲ್ಲವೇ ಹಿಂದೆ ಬರುವ ಬೈಕಿಗೆ ತೊಡರುತ್ತವೆ; ಅವನ್ನು ಸುತ್ತಿ ಟ್ರೇಲರ್‌ನೊಳಗೆ ಹಾಕಿ, ಹಿಂದಿನ ಬಾಗಿಲ ಚಿಲಕ ಬಿಗಿಯಾಗಿದೆಯೇ ಎಂದು ಕೈಯಿಂದ ಜಗ್ಗಿ ನೋಡಿ ಹೊರಡಿ.